ಮುಂದಿನ ಹೆಗಲು

ಪಂಪ್‌ವೆಲ್‌ನಲ್ಲಿ ಬಾಡಿಗೆ ಕಾರಿನ ಕೀಲಿ ಕೊಡುವಾಗ
ಅಶ್ಫಾಕ್ ಹೇಳಿದ್ದ:
ಏರು ಚಾರ್ಜು ಕುಡಿಯುತ್ತದೆ, ಆರಕ್ಕೆ ವಾಪಸ್ಸು.

ಅರಮನೆಗುಡ್ಡೆಯ ಏಳನೇ ತಿರುವಿಗೆ
ಅರವತ್ತೆರಡು ನಲವತ್ತೊಂದಾಯಿತು.
ಸದ್ದಿಲ್ಲದ ಕಾರು.
ದಾರಿ ನಡುವಿನ ನವಿಲಿಗೆ
ನಾವು ಬಂದದ್ದೇ ಗೊತ್ತಿಲ್ಲ;
ಹಾರನ್ ಹೊಡೆಯಲು ನಾಚಿಕೆ.

ಮೇಲೆ, ಅರಮನೆ ಅಂದರೆ
ಮುರಕಲ್ಲಿನ ಪಂಚಾಂಗ, ಒಂದು ಬಾವಿ,
ಎಲ್ಲಿಗೂ ಹತ್ತದ ಐದು ಮೆಟ್ಟಿಲು.
ಮುಳಿ ಕೊಯ್ಯುತ್ತಿದ್ದ ಅಪ್ಪಿಯಕ್ಕ
ಕತ್ತಿಯಲ್ಲೇ ತೋರಿಸಿದಳು:
"ಅಗೋ, ದಂಡಿಗೆ ಇಳಿಸುತ್ತಿದ್ದ ಕಲ್ಲು.
ನಮ್ಮಜ್ಜನ ಅಜ್ಜ ಹೊತ್ತದ್ದು.
ರಾಣಿ ದಪ್ಪವಂತೆ."
ನಕ್ಕಳು.

ಇಳಿಯುವಾಗ ಪರದೆಯಲ್ಲಿ ಅಂಕೆ ಏರತೊಡಗಿತು:
ನಲವತ್ತು, ನಲವತ್ತೊಂದು,
ನಲವತ್ತಮೂರು.
ಗುಡ್ಡೆ ಹಿಂದೆ ಕೊಡುತ್ತಿದೆ ನೋಡು, ಎಂದಳು ಶಾಂಭವಿ.

ನಾನು ಬ್ರೇಕು ಮೆಟ್ಟಿಯೇ ಇದ್ದೆ.
ಇಳಿಜಾರಿನಲ್ಲಿ
ಮುಂದಿನವನ ಹೆಗಲಿಗಲ್ಲವೇ
ಪೂರ್ತಿ ರಾಣಿ?