ಬೇಡ ಎಂಬ ಪದ

ಮನಾವುಸ್‌ನ ಬಂದರಾಸ್ಪತ್ರೆಯ ಎರಡನೇ ಮಹಡಿಯಲ್ಲಿ
ಫ್ಯಾನಿಗಿಂತ ಜೋರಾಗಿ ಉಸಿರಾಡುವ ಒಂದು ಕಂಪ್ಯೂಟರು.
ಅದರೆದುರು ದೋರಾಲಿಸೆ,
ಇಪ್ಪತ್ತು ವರ್ಷ ಅಂಚೆ ವಿಂಗಡಿಸಿ
ಆಮೇಲೆ ಗ್ರಂಥಪಾಲಕಿಯಾದವಳು.
ವಿಳಾಸ ತಪ್ಪಿದ್ದರೂ ಕಾಗದ ಮುಟ್ಟಿಸುವುದು
ಆ ಕೈಗಳ ಹಳೇ ಚಟ.
ಪಕ್ಕದ ಸ್ಟೂಲಿನಲ್ಲಿ ನಾನು, ಕೆಲಸ ಕಲಿಯಲು ಬಂದವನು.
ಅಲ್ಲಿಯವರೆಗೆ ಕಲಿತದ್ದು ಧೂಳು ಒರೆಸುವುದು.

ಕೆಳಗೆ ಏಳನೇ ಹಾಸಿಗೆಯಲ್ಲಿ ದೋಣಿಯ ಎವೆರಾಲ್ಡೊ.
ಕತ್ತು ತಿರುಗದು, ತೊಡೆ ಕಲ್ಲು,
ಉಚ್ಚೆ ಕಪ್ಪು.
ಮಧ್ಯಾಹ್ನ ತಂಬಾಕಿ ಮೀನು ಸುಟ್ಟು ತಿಂದಿದ್ದನಂತೆ, ಅಷ್ಟೆ.
ಡಾಕ್ಟರ್ ಜುರೇಮಾ ಚೀಟಿ ಕಳಿಸಿದ್ದರು:
ಇದಕ್ಕೊಂದು ಹೆಸರು ಹುಡುಕಿ. ಬೆಳಗಾಗುವುದರೊಳಗೆ.

ಮೊದಲು ನಾನೇ ಬಡಿದೆ: ಕಪ್ಪು ನೀರು ಮೀನು.
ಹನ್ನೊಂದು ಸಾವಿರದ ನಾನೂರು ಬಂದವು,
ಎಲ್ಲವೂ ಕಿಟಕಿಯಾಚೆ ಹರಿಯುತ್ತಿದ್ದ ನಮ್ಮ ಕರಿಹೊಳೆಯ ಮೇಲೆಯೇ.
ಅದರ ಆಳ, ಅದರ ಹುಳಿ, ಅದರ ಕೆಸರಿನ ತೂಕ.
ದೋರಾಲಿಸೆ ನಗಲಿಲ್ಲ.
"ಯಂತ್ರ ತಪ್ಪು ಮಾಡಿಲ್ಲ, ಕೇಳಿದ್ದನ್ನೇ ಕೊಟ್ಟಿದೆ.
ಅಂಗಡಿಗೆ ಹೋಗಿ ಬಿಳಿಯದು ಕೊಡಿ ಅಂದರೆ
ಉಪ್ಪೂ ಬರುತ್ತದೆ, ಸುಣ್ಣವೂ ಬರುತ್ತದೆ."

ಜೊತೆ ಬಿಡಬಾರದ ಪದಗಳ ಎರಡೂ ಕಡೆ
ಉದ್ಧರಣ ಚಿಹ್ನೆ ನಿಲ್ಲಿಸಿದಳು, ಮದುವೆಗೆ ಸಾಕ್ಷಿ ನಿಲ್ಲಿಸಿದ ಹಾಗೆ.
ಸ್ನಾಯು ಎಂಬುದರ ಬಾಲ ಕತ್ತರಿಸಿ
ಅಲ್ಲೊಂದು ನಕ್ಷತ್ರ ಇಟ್ಟಳು:
"ಬೇರು ಸಾಕು. ವಿಭಕ್ತಿಗಳು ತಾವಾಗಿ ಬರುತ್ತವೆ."
ಆಮೇಲೆ ನನ್ನನ್ನು ಕೆಳಗೆ ಅಟ್ಟಿದಳು.
"ಹೆಂಡತಿಯನ್ನು ಕೇಳು, ಯಾವ ಬಣ್ಣ ಅಂತ.
ಕಪ್ಪು ಅನ್ನುವುದು ಡಾಕ್ಟರರ ಮಾತು."

ಜುಲೇಯ್ಡಿ ಮೆಟ್ಟಿಲ ಮೇಲೆ ಕೂತಿದ್ದಳು,
ಗಂಡನ ಚಪ್ಪಲಿ ಮಡಿಲಲ್ಲಿ.
"ಕಾಫಿ," ಎಂದಳು. "ಸಕ್ಕರೆ ಹಾಕದ್ದು."

ಕಪ್ಪು ಅಥವಾ ಕಂದು ಅಥವಾ ಕಾಫಿ.
ಮೂರಕ್ಕೂ ಒಂದೇ ಆವರಣ, ಒಂದೇ ಮನೆಯವರಂತೆ.
ಹೊರಗೆ ಮತ್ತು, ಮತ್ತು.
ಸಾವಿರಗಳು ಕರಗಿ ಇನ್ನೂರ ಹದಿನಾಲ್ಕಾದವು.
ಅದರಲ್ಲೂ ಇಲಿ, ಹಂದಿ, ಕುದುರೆ ತುಂಬಿದ್ದವು.
ಅವಳು ನೀರು ಕುಡಿಯಲು ಎದ್ದಾಗ
ನಾನೊಂದು ಸಾಲು ಸೇರಿಸಿದೆ: ಬೇಡ, ಪ್ರಾಣಿ.
ಮೂವತ್ತೆಂಟು!
ಅಷ್ಟು ಚೊಕ್ಕ ಅಂಗಳ ನಾನು ಗುಡಿಸಿದ್ದೇ ಇಲ್ಲ.

ಒಂದೊಂದನ್ನೂ ಓದಿದಳು.
ಎರಡು ಗಂಟೆಗೆ ಒಂದು ಸರಕಿನ ದೋಣಿ ಕೂಗಿತು.
ಮೂವತ್ತೆಂಟರಲ್ಲಿ ಒಂದೂ ಎವೆರಾಲ್ಡೊ ಅಲ್ಲ.
ಕನ್ನಡಕ ತೆಗೆದಳು. ಮತ್ತೆ ಹಾಕಿದಳು.
ತಾನು ಬರೆದ ಸಾಲನ್ನೇ ಬೇರೆಯವರ ಕಾಗದದಂತೆ ಓದುತ್ತ ಬಂದು
ಬೇಡ ಎಂಬಲ್ಲಿ ಬೆರಳಿಟ್ಟಳು.

"ಇದನ್ನು ಯಾರು ಇಟ್ಟದ್ದು?"

ನಾನು ಫ್ಯಾನು ನೋಡಿದೆ.

"ಬೇಡ ಅಂದರೆ ಬೇಡದ್ದಷ್ಟೇ ಹೋಗುವುದಿಲ್ಲ, ಮಗು.
ಅದರ ಕೈ ಹಿಡಿದು ನಿಂತದ್ದೂ ಹೋಗುತ್ತದೆ."
ಪದ ಅಳಿಸಿದಳು.
ನೂರ ಎಪ್ಪತ್ತಾರು ಕಾಗದ ತಿರುಗಿ ಬಂದವು.
ಅರವತ್ತೊಂದನೆಯದು, ಬಹಳ ಹಳೆಯದು,
ಎಲ್ಲೋ ಚಳಿಯ ಸಮುದ್ರದಂಚಿನ ಹಿನ್ನೀರಿನದು:
ಬೆಸ್ತರು ದೋಣಿಯಲ್ಲೇ ಮರಗಟ್ಟಿ ಬಿದ್ದರು,
ಮೂತ್ರ ಕಾಫಿಯ ಬಣ್ಣ,
ಅದೇ ವಾರ ದಡದ ಬೆಕ್ಕುಗಳೂ ಸತ್ತವು.

ಆ ಬೆಕ್ಕುಗಳ ದೆಸೆಯಿಂದ
ಅಷ್ಟೂ ಬೆಸ್ತರನ್ನು ನಾನು ಹೊರಗೆ ಹಾಕಿದ್ದೆ.

ಕಾಯಿಲೆಗೆ ಆ ಹಿನ್ನೀರಿನದೇ ಹೆಸರು.
ಹೆಸರು ಸಿಕ್ಕಮೇಲೆ ಹುಡುಕಾಟ ತಲೆಕೆಳಗಾಯಿತು.
ಹೆಸರಿನಿಂದ ಇನ್ನೊಂದು ವರದಿ, ಅದರ ಅಡಿಟಿಪ್ಪಣಿಯಿಂದ ಮತ್ತೊಂದು,
ನಾಲ್ಕು ಗಂಟೆಗೆ ಪ್ರಿಂಟರು ಬಿಸಿ, ಕಾಗದ ಬಿಸಿ,
ಅದನ್ನೆದೆಗವಚಿ ಮೆಟ್ಟಿಲಿಳಿದೆ.
ಡಾಕ್ಟರು ನಿಂತೇ ಓದಿ ನರ್ಸಿಗೆ ಹೇಳಿದರು,
"ಸಲೈನು. ಇನ್ನೂ. ಇನ್ನೂ."
ಮೂತ್ರಪಿಂಡ ಒಪ್ಪುತ್ತದೋ ಇಲ್ಲವೋ
ಯಾವ ವರದಿಯಲ್ಲೂ ಇರಲಿಲ್ಲ.

ಜುಲೇಯ್ಡಿ ಅದೇ ಮೆಟ್ಟಿಲಲ್ಲಿದ್ದಳು.
ಕೇಳದೆ ಇರಲಾಗಲಿಲ್ಲ.
ಮನೆಯಲ್ಲಿ ಬೆಕ್ಕಿತ್ತೇ?

"ಇತ್ತು. ಮೀನಿನ ತಲೆ ಅದಕ್ಕೇ ಹಾಕಿದ್ದು.
ಸಂಜೆ ಒಲೆಯ ಹಿಂದೆ ಸೆಟೆದು ಬಿದ್ದಿತ್ತು," ಎಂದಳು
ಚಪ್ಪಲಿಯ ಮಣ್ಣು ಉಗುರಿನಿಂದ ಕೆರೆಯುತ್ತ.
"ಯಾರೂ ಕೇಳಲಿಲ್ಲವಲ್ಲ."