ಕೋಡಿಬಾಗ ಸ್ಟೇಷನ್

ಮೀನಿನ ಟೆಂಪೊದಲ್ಲಿ ಒಂದು ಊರನ್ನು ಹೇರಿಸಿಕೊಂಡು
ಫಿಲೊಮಿನಾ ಬಾಯಿ ನನ್ನ ಅಂಗಡಿಗೆ ಬಂದಳು.
"ಅಣ್ಣ ತೀರಿ ವರ್ಷವಾಯಿತು, ಅಟ್ಟ ಖಾಲಿ ಮಾಡ್ತಿದ್ದೇನೆ.
ಶೇಟ್, ನಿನ್ನದು ಸಣ್ಣ ಕೆಲಸದ ಕೈ.
ಇದು ಓಡುತ್ತದಾ, ನೋಡಿ ಹೇಳು."

ಚಾದರ ತೆಗೆದರೆ ಅದೇ, ಪ್ಲೈವುಡ್ಡಿನ ಕಾರವಾರ:
ಆರಡಿ ಉದ್ದ, ನಾಲ್ಕಡಿ ಅಗಲ.
ಗಂಜಿಯಲ್ಲಿ ನೆನೆಸಿದ ಕಾಗದದ ಸದಾಶಿವಗಡ,
ದೋಣಿಗೆ ಬಳಿಯುವ ನೀಲಿಯನ್ನೇ ಬಳಿದ ಕಡಲು,
ತೆಂಗಿನ ನಾರಿನ ಗಾಳಿಮರಗಳು.
ಕಾಳಿ ನದಿಯ ಮೇಲೆ ಸೇತುವೆ,
ಸೇತುವೆಯ ಬುಡದಲ್ಲಿ ಕೈಬರಹದ ಹಳದಿ ಫಲಕ:
ಕೋಡಿಬಾಗ.

ಆ ಹೆಸರಿನ ಸ್ಟೇಷನ್ ಎಲ್ಲೂ ಇಲ್ಲ.
ರೈಲು ನೋಡಲು ಹುಬ್ಬಳ್ಳಿಗೆ ಹೋಗಬೇಕಿದ್ದ ಕಾಲದಲ್ಲಿ
ಅವಳಣ್ಣ ಇನಾಸ, ಹಡಗಿನ ಫಿಟ್ಟರ್,
ಹ್ಯಾಂಬರ್ಗಿನಿಂದ ಎಂಜಿನ್ ಒಂದು, ಡಬ್ಬಿ ನಾಲ್ಕು
ಅಂಗಿಗಳಲ್ಲಿ ಸುತ್ತಿ ತಂದು
ನಮ್ಮೂರಿಗೆ ರೈಲು ಬಿಟ್ಟ.
ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಐದು ಸುತ್ತು.
ಹುಡುಗರು ನಾವು, ಟಿಕೆಟ್ಟಿಗೆ ಒಂದೊಂದು ಗೇರುಬೀಜ ಕೊಟ್ಟು
ಹಲಗೆಯ ಅಂಚಿಗೆ ಗದ್ದವೂರುತ್ತಿದ್ದೆವು.

ಆಮೇಲೆ ನಿಜದ ರೈಲು ಬಂತು, ಶಿರವಾಡಕ್ಕೆ.
ಊರೆಲ್ಲ ನೋಡಲು ಓಡಿತು. ಇನಾಸನೂ ಹೋದ,
ಬಂದ, ಪ್ಲಗ್ ಕಿತ್ತ.
"ಸ್ಟೇಷನ್ನು ತಪ್ಪು ಜಾಗದಲ್ಲಿ ಕಟ್ಟಿದ್ದಾರೆ"
ಅಂದನಂತೆ, ಎಷ್ಟೋ ದಿನದ ಮೇಲೆ, ಊಟದ ನಡುವೆ.

ಇಪ್ಪತ್ತೇಳು ಮಳೆಗಾಲದ ಉಪ್ಪುಗಾಳಿ
ಹಿತ್ತಾಳೆಯ ಹಳಿ ಹಿಡಿದು ಕಿಲುಬಾಗಿ ಕೂತಿತ್ತು,
ಪಾಚಿಯೇ ಅನ್ನಬೇಕು, ಅಷ್ಟು ಹಸಿರು.
ಅಂಟುವಾಳದ ನೀರಲ್ಲಿ ತೊಳೆದೆ, ಮದುವೆಯ ಸರ ತೊಳೆದ ಹಾಗೆ.
ಬ್ರಷ್ಷಿಗೆ ಬಾರದ್ದನ್ನು ಉಗುರಿನಿಂದ.
ಸುರಂಗಕ್ಕೆ ಕೈ ಹಾಕಿದರೆ ಹಲ್ಲಿಮೊಟ್ಟೆಯ ಚಿಪ್ಪು ಮೂರು,
ಗೇರುಬೀಜ ಒಂದು, ಟೊಳ್ಳು.
ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಹಲಸಿನ ಮೇಣವಾಗಿತ್ತು.
ಸವೆದ ಕಾರ್ಬನ್ನಿಗೆ ಬದಲಿ ಎಲ್ಲಿ ಹುಡುಕುವುದು?
ಬ್ಯಾಟರಿ ಸೆಲ್ ಒಡೆದು, ಒಳಗಿನ ಕರಿಕಡ್ಡಿಯನ್ನು
ಅರದಲ್ಲಿ ಉಜ್ಜಿ ಉಜ್ಜಿ ಎರಡು ಅಕ್ಕಿಕಾಳು ಮಾಡಿದೆ.
ತೂಕ ಸಮವೇ ಎಂದು ತಕ್ಕಡಿಗೂ ಹಾಕಿದೆ.
ಬೇಕಿರಲಿಲ್ಲ. ಕೈಯ ಚಟ.

ತಕ್ಕಡಿಯ ಪೆಟ್ಟಿಗೆಯಲ್ಲಿ, ಗುಲಗಂಜಿಗಳ ಜೊತೆ
ಅವನೂ ಇದ್ದಾನೆ, ಯಾವತ್ತಿನಿಂದಲೂ:
ಮುಕ್ಕಾಲು ಇಂಚಿನ ಸೀಸದ ಗಾರ್ಡ್,
ಹಸಿರು ಬಾವುಟ ಎತ್ತಿದವನು.
ಒಂಬತ್ತನೇ ವಯಸ್ಸಿನಲ್ಲಿ ಕದ್ದದ್ದು.
ಬಾಯಲ್ಲಿಟ್ಟುಕೊಂಡು ಮನೆತನಕ ಓಡಿದ್ದೆ.
ಆ ರುಚಿ ಈಗಲೂ ಹಲ್ಲಿಗೆ ಗೊತ್ತು.

ಗುರುವಾರ ಸಂಜೆ ಅವಳು ಬರುವಷ್ಟರಲ್ಲಿ
ಅವನನ್ನು ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದ್ದೆ.
ಅವಳು ಕನ್ನಡಕ ಏರಿಸಿ ಬಗ್ಗಿದಳು.
"ಓ, ಬಂದನಾ?
ಗಾರ್ಡ್ ರಜೆಯಲ್ಲಿದ್ದಾನೆ ಅಂತಿದ್ದ ಅಣ್ಣ, ಯಾರು ಕೇಳಿದರೂ.
ಎಷ್ಟು ದಿನದ ರಜೆ ಅಂದರೆ
ಶೇಟರ ಹುಡುಗನಿಗೆ ಗೊತ್ತು ಅಂತಿದ್ದ."

ನಾನು ಸ್ವಿಚ್ ಹಾಕಿದೆ. ಬೇರೇನು ಮಾಡಲಿ?

ಸುಟ್ಟ ಧೂಳಿನ ವಾಸನೆ. ಗುಂಯ್ ಎಂಬ ಸದ್ದು.
ಎಂಜಿನ್ ನಡುಗಿತು, ನಿಂತಿತು,
ಬೆರಳಲ್ಲಿ ತುಸು ನೂಕಿದೆ,
ಹೊರಟಿತು. ಹಿಂದಕ್ಕೆ.
ತಂತಿ ಅದಲುಬದಲಾಗಿ ಬೆಸೆದಿದ್ದೆ.
"ಸರಿ ಮಾಡ್ತೇನೆ" ಅಂದೆ.
"ಮುಟ್ಟಬೇಡ. ಹೋಗಲಿ."
ಡಬ್ಬಿಗಳು ಮುಂದೆ, ಎಂಜಿನ್ ಹಿಂದೆ,
ಕೋಡಿಬಾಗ ಬಿಟ್ಟು, ಕಾಳಿ ದಾಟಿ
ಗಡದ ಹೊಟ್ಟೆಯೊಳಗೆ ನುಗ್ಗಿದ್ದೇ

ಕರೆಂಟು ಹೋಯಿತು.

ಫ್ಯಾನು ನಿಧಾನವಾಗುವ ಸದ್ದು. ರಸ್ತೆಯಲ್ಲಿ ಯಾರೋ ಬೈದರು.
ಮೊಬೈಲಿನ ಬೆಳಕು ಹಾಕಹೊರಟೆ, ಬೇಡವೆಂದಳು.
ಹಲಗೆಯ ಅಂಚಿಗೆ ಕೈಯೂರಿ ಇಬ್ಬರೂ ಕತ್ತಲಲ್ಲಿ ನಿಂತೆವು.
ಒಂಟಿ ಹಳಿಯ ದಾರಿ ನಮ್ಮದು,
ಗಾಡಿ ನಡುವೆ ನಿಲ್ಲುವುದು ಹೊಸತಲ್ಲ.
"ಕ್ರಾಸಿಂಗ್ ಇರಬೇಕು" ಅಂದಳು ಫಿಲೊಮಿನಾ ಬಾಯಿ.
ಯಾವ ಗಾಡಿಯದು ಎಂದು ನಾನು ಕೇಳಲಿಲ್ಲ.