ಗುಂಪಿಯಲ್ಲಿ ಉಳಿದದ್ದು

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ನನ್ನ ಕೆಲಸ
ಕಲ್ಲು ಸುಡುವುದು.
ಒಂದು ಗ್ರಾಂ ಪುಡಿ, ಪುಟ್ಟದೊಂದು ಮೂಸೆ, ಸಾವಿರ ಡಿಗ್ರಿ.
ಸುಟ್ಟ ಮೇಲೆ ತೂಗಿ
ಎಷ್ಟು ಹೋಯಿತೆಂದು ಬರೆಯುತ್ತೇನೆ.
ಹೋದದ್ದು ಯಾರದೆಂದು ಬರೆಯಲು
ಆ ರಿಜಿಸ್ಟರಿನಲ್ಲಿ ಜಾಗವಿಲ್ಲ.

ಶಹಾಬಾದಿನ ಹಳೇ ಖಣಿಯಲ್ಲಿ
ಫರ್ಸಿಯ ಎರಡು ಪದರಗಳ ನಡುವೆ
ಕಾಡಿಗೆ ಎಳೆದಂಥ ಕಪ್ಪು ಗೆರೆ.
ಬೆರಳಿಗೆ ಹತ್ತಿತು.
ತೊಳೆದರೂ ಉಗುರಿನ ಸಂದಿ ಬಿಡಲಿಲ್ಲ.
ಒಂದು ಚೂರು ಕಾಗದದಲ್ಲಿ ಕಟ್ಟಿ
ಹೈದರಾಬಾದಿಗೆ ಕಳಿಸಿದೆ, ಗೆಳತಿಯ ಯಂತ್ರಕ್ಕೆ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು.
ಒಂದು ಅಂಕಿ, ಅದರ ಮುಂದೊಂದು ಅಡ್ಡಗೆರೆ:
ಮೈನಸ್ ಇಪ್ಪತ್ತೆಂಟು.

ಅವ್ವ ಜ್ವಾಳ ಹಸನು ಮಾಡುತ್ತಿದ್ದಳು.
ಹುಸೇನಮ್ಮ,
ಇಪ್ಪತ್ತೆರಡು ವರ್ಷ ಅದೇ ಖಣಿಯಲ್ಲಿ ಕಲ್ಲು ಹೊತ್ತವಳು.
ಇಂಗಾಲದಾಗ ಎರಡು ಥರ ಅವ, ಅವ್ವಾ,
ಒಂದು ಹಗುರ, ಇನ್ನೊಂದು ಕೂದಲೆಳಿಯಷ್ಟು ಭಾರ.
ಜೀವ ಇದ್ದದ್ದು
ಹಗುರದ್ದನ್ನ ಆರಿಸಿ ಆರಿಸಿ ತಗೋತದ.
ಈ ಕಪ್ಪಿನೊಳಗ ಹಗುರದ್ದು ಹೆಚ್ಚು.
ಸುತ್ತಲಿನ ಫರ್ಸ್ಯಾಗ ಭಾರದ್ದು ಉಳದದ.

ಮೊರ ನಿಂತಿತು.

“ಟ್ರಿಪ್ಪಿಗೆ ಎಂಟಾಣೆ ಇತ್ತು, ತೂಕಕ್ಕಲ್ಲ.
ನಾನೂ ಹಗುರದ್ದೇ ಎತ್ತತಿದ್ದೆ.
ಸಂಜೀಕ ಗುಂಡೇರಾವ ಮುನ್ಷಿ ಬಂದ.
ನನ್ನ ಮಾರಿ ನೋಡಲಿಲ್ಲ,
ಗುಂಪ್ಯಾಗ ಉಳಿದದ್ದು ನೋಡಿದ.
ಎಲ್ಲಾ ದಪ್ಪ ದಪ್ಪನವೇ.
‘ಇಲ್ಲಿ ಯಾರೋ ಆರಿಸ್ಯಾರ’ ಅಂದ.
ಎರಡು ದಿನದ ಪಗಾರ ಹಿಡಿದ.
ಆಗ ನಿನಗ ಏಳು ತಿಂಗಳ, ಹೊಟ್ಟ್ಯಾಗ.”

ಆಮೇಲೆ ಒಂದು ಹರಳು ಹೆಕ್ಕಿ ಒಗೆದು ಕೇಳಿದಳು:
“ಅದಕ್ಕೂ ಬೆನ್ನಿತ್ತೇನು?”

ಬೆನ್ನಿರಲಿಲ್ಲ.
ಕಣ್ಣು, ಬಾಯಿ, ಎಲುಬು
ಇನ್ನೂ ಯಾರಿಗೂ ಬಂದಿರಲಿಲ್ಲ.
ಈಗ ತೊಗರಿ ನಿಂತ ಕಡೆ ಮೊಣಕಾಲುದ್ದ ಕಡಲು,
ಅದರ ತಳದಲ್ಲಿ
ಬಿಸಿಲು ಕುಡಿದು ಹಬ್ಬಿದ ಒಂದು ಲೋಳೆ, ಅಷ್ಟೇ.
ಎಷ್ಟು ಕೋಟಿ ವರ್ಷವಾಯಿತೆಂದು
ಪುಸ್ತಕಗಳೇ ಇನ್ನೂ ಜಗಳಾಡುತ್ತಿವೆ.
ಮೈ ಹೋಯಿತು, ಹೆಸರಂತೂ ಇರಲೇ ಇಲ್ಲ;
ಭಾರ ಬೇಡವೆಂದದ್ದೊಂದು ಉಳಿಯಿತು.

ಉಳಿಯಿತೋ ಇಲ್ಲವೋ.
ಗೆಳತಿ ಕೆಳಗೆ ಬರೆದಿದ್ದಾಳೆ: ಅವಸರ ಬೇಡ.
ಬಿಸಿನೀರು, ಕಬ್ಬಿಣ, ಅನಿಲ ಕೂಡಿದರೆ
ಜೀವವಿಲ್ಲದೆಯೂ ಹೀಗಾಗುವುದುಂಟು.
ಬರಿಗೈಯಲ್ಲಿ ಮುಟ್ಟಿದ್ದೆಯಾ?
ನಿನ್ನ ಬೆರಳ ಜಿಡ್ಡೂ ಹಗುರದ್ದೇ.
ಇನ್ನೂ ಹತ್ತು ಚೂರು ಬೇಕು.

ಭಾನುವಾರ ಮತ್ತೆ ಖಣಿಗೆ ಹೊರಟಿದ್ದೇನೆ,
ಗ್ಲೌಸು, ಹಾಳೆ, ಸಣ್ಣ ಸುತ್ತಿಗೆ.
ಅವ್ವ ತಾನೂ ಬರುತ್ತಾಳಂತೆ.
ಖಣಿ ಮುಚ್ಚಿದರೂ ಆ ಗುಂಪಿ ಅಲ್ಲೇ ಇದೆಯಂತೆ,
ಯಾರೂ ಹೊರದ ಕಲ್ಲು, ಮೇಲೆ ಜಾಲಿ.
“ಸುಳ್ಳಂದರ ತೂಗಿ ನೋಡು,” ಅಂದಳು.